ವೈಫೈ ಡಬ್ಬಿ ಕೀಲಿಕೈ ಯಾರ ಸೊಂಟದಾಗ ಇರಬೇಕು?

ಈ ಸಲ ಅಡಗಿ ಬರಿಯೂದಿಲ್ಲ. ಕಡಬಿನ ಹೂರಣದ ಅಳತಿ ಕೇಳಿದವರು ಒಂದು ವಾರ ತಡೀರಿ. ಇವತ್ತ ಬ್ಯಾರೆ ಒಂದು ಮಾತು ಹೇಳೂದದ. ಹೇಳಲಿಲ್ಲಂದ್ರ ನನಗ ಸಮಾಧಾನ ಇಲ್ಲ.

ನಮ್ಮ ಮನ್ಯಾಗ ಯಾವ ಕೀಲಿಕೈ ಎಲ್ಲೆ ಅದ ಅಂತ ನಾ ಕಣ್ಣು ಮುಚ್ಚಿ ಹೇಳತೇನಿ. ತಿಜೋರಿದು ದೇವರ ಮನಿ ಗೂಡಿನ್ಯಾಗ, ಲಾಕರಿಂದು ನನ್ನ ರೇಷ್ಮಿ ಸೀರಿ ಮಡಿಕ್ಯಾಗ, ಹಿತ್ತಲ ಬಾಗಲದ್ದು ಮೊಳಿಗೆ. ಗ್ಯಾಸ್ ಬುಕ್ ಮಾಡೂ ನಂಬರು, ಲೈಟ್ ಬಿಲ್ಲಿನ ಆರ್.ಆರ್. ನಂಬರು, ಅತ್ತಿಯವರ ಬಿ.ಪಿ. ಗುಳಿಗಿ ಹೆಸರು, ಎಲ್ಲಾ ಬಾಯಿಪಾಠ. ಆದ್ರ ಟೀವಿ ಮಗ್ಗಲದಾಗ ಹಗಲೂ ರಾತ್ರಿ ಕಣ್ಣು ಮಿಟಗಸಕೋತ ಕೂಡೂ ಆ ಬಿಳೇ ಡಬ್ಬಿ ಅದ ಅಲ್ಲಾ, ಅದರ ಬಗ್ಗೆ ಮೊನ್ನೆ ಮೊನ್ನೆ ತನಕಾ ನನಗ ಗೊತ್ತಿದ್ದದ್ದು ಒಂದ. ‘ಅದನ್ನ ಮುಟ್ಟಬಾರದು.’ ಇಷ್ಟ. ನಿಮ್ಮ ಮನ್ಯಾಗೂ ಹಂಗ ಇರಬೇಕು, ಖರೇ ಹೇಳ್ರಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡತೇನಿ. ಮನ್ಯಾಗ ದಿನಾ ಇರೂವಾಕಿ ಯಾರೊ, ಆ ಡಬ್ಬಿ ಕೀಲಿಕೈ ಆಕಿ ಸೊಂಟದಾಗ ಇರಬೇಕು. ಜರ್ಮನ್ಯಾಗ ಇರೂ ಮಗನ ತಲ್ಯಾಗ ಅಲ್ಲ, ಆಫೀಸಿಗೆ ಹೋಗೂ ಗಂಡನ ಮೊಬೈಲಿನ್ಯಾಗೂ ಅಲ್ಲ. ಯಾಕ ಅಂತ ಈಗ ಕೇಳ್ರಿ.

ಹೋದ ತಿಂಗಳು ನಮ್ಮ ಮೈದುನಗ ಬೆಂಗಳೂರಾಗ ಹಾರ್ಟಿನ ಬೈಪಾಸ್ ಆಪರೇಶನ್ ಇತ್ತು. ನಮ್ಮನಿಯವರು ಹಿಂದಿನ ದಿನಾನ ರೈಲು ಹತ್ತಿದ್ರು. ಮನ್ಯಾಗ ನಾನು ಮತ್ತ ಅತ್ತಿ, ಇಬ್ಬರ. ಅತ್ತಿಯವರಿಗೆ 84 ವರ್ಷ. ಕಿವಿ ಛೊಲೊ ಅವ, ಮೊಣಕಾಲು ನಡಿಗೊಡೂದಿಲ್ಲ. ಹೊಟ್ಟ್ಯಾಗ ಹುಟ್ಟಿದ ಸಣ್ಣ ಮಗನ ಎದಿ ಸೀಳತಾರ ಅಂದ್ರ ಆ ಜೀವಕ್ಕ ಹೆಂಗ ಆಗಿರಬೇಕು? ರಾತ್ರಿ ಎಲ್ಲಾ ರಾಯರ ಜಪಾ ಮಾಡಕೋತ ಕೂತಿದ್ರು.

ನಮ್ಮದು ಧಾರವಾಡದ ಹಳೇ ಮನಿ ಅಂತ ನಿಮಗ ಗೊತ್ತದ. ಕಲ್ಲು ಮಣ್ಣಿನ ಗ್ವಾಡಿ, ಒಂದೂವರಿ ಮೊಳ ದಪ್ಪ. ಬ್ಯಾಸಗ್ಯಾಗ ಒಳಗ ತಂಪು ಅಂದ್ರ ತಂಪು. ಆದ್ರ ಮೊಬೈಲಿಗೆ ನಡಮನ್ಯಾಗ ಒಂದು ಕಡ್ಡಿ ಸಿಗ್ನಲ್ ಬರೂದಿಲ್ಲ. ಮಗಾ ಎರಡು ವರ್ಷದ ಹಿಂದ ರಜಾಕ್ಕ ಬಂದಾಗ ವೈಫೈ ಹಾಕಿಸಿ, ನಮ್ಮ ಫೋನಿನ್ಯಾಗ ‘ವೈಫೈ ಕಾಲಿಂಗ್’ ಅನ್ನೂದನ್ನ ಚಾಲೂ ಮಾಡಿ ಹೋಗಿದ್ದ. ಅವತ್ತಿನಿಂದ ಒಳಗ ಕೂತು ಮಾತಾಡಲಿಕ್ಕೆ ಬರತದ. ಅಂದ್ರ ವೈಫೈ ಹೋತಂದ್ರ ಬರೇ ಯೂಟ್ಯೂಬ್ ಹೋಗೂದಿಲ್ಲ, ನಮ್ಮನಿ ಫೋನು ಮೂಕ ಆಗತದ.

ಅವತ್ತ ಮುಂಜಾನೆ ಆರೂವರಿಗೆ ಎದ್ದು ನೋಡಿದ್ರ ಫೋನಿನ್ಯಾಗ ಏನೂ ಇಲ್ಲ. ಡಬ್ಬಿ ಮ್ಯಾಲೆ ‘ಎಲ್‌ಓಎಸ್’ ಅಂತ ಬರದಲ್ಲೆ ಕೆಂಪು ದೀಪಾ ಮಿಟಿ ಮಿಟಿ ಅನ್ನಲಿಕತ್ತಿತ್ತು. ಬಟನ್ ಬಂದ್ ಮಾಡಿ ಚಾಲೂ ಮಾಡಿದೆ. ಅದ ಕೆಂಪು. ಮಗಗ ಫೋನ್ ಮಾಡೂಣ ಅಂದ್ರ ಅಲ್ಲೆ ಇನ್ನೂ ರಾತ್ರಿ ಮೂರು. ಆಗ ನೆನಪಾತು, ಅವಾ ಒಮ್ಮೆ ಡಬ್ಬಿ ಹಿಂದಿನ ಸಣ್ಣ ತೂತಿನ್ಯಾಗ ಕಡ್ಡಿ ಚುಚ್ಚಿದ್ದು ನೋಡಿದ್ದೆ. ಸೆರಗಿನ ಪಿನ್ನು ತಗದೆ, ಚುಚ್ಚಿ ಹಿಡದೆ. ಹತ್ತು ಎಣಿಸೂದರಾಗ ಎಲ್ಲಾ ದೀಪಾ ಒಮ್ಮೆ ಆರಿ ಮತ್ತ ಹತ್ತಿದ್ವು. ಗೆದ್ದೆ ಅಂದಕೊಂಡೆ.

ಗೆದ್ದದ್ದು ಎಲ್ಲಿದು? ಕೆಂಪು ದೀಪಾ ಹಂಗ ಇತ್ತು. ಮ್ಯಾಲೆ ಫೋನಿನ್ಯಾಗ ನಮ್ಮ ವೈಫೈ ಹೆಸರ ಕಾಣಲಾರದಂಗ ಆತು. ಅದರ ಜಾಗಾದಾಗ ಇಂಗ್ಲಿಷ್ ಅಕ್ಷರ, ಅಂಕಿ ಕೂಡಿದ್ದು ಎಂಥದೋ ಒಂದು ಹೆಸರು. ಹುಣ್ಣಿನ ಮ್ಯಾಲೆ ಬರಿ ಎಳದಂಗ ಆತು ನೋಡ್ರಿ.

ಹೊರಗ ಕಟ್ಟಿಗೆ ಬಂದು ಕಂಪನಿಗೆ ಫೋನ್ ಹಚ್ಚಿದೆ. ಒಂದು ಒತ್ತರಿ, ಎರಡು ಒತ್ತರಿ, ಕಡೀಕೆ ಒಬ್ಬ ಹುಡುಗಾ ಸಿಕ್ಕ. ‘ಮೇಡಂ, ರಿಜಿಸ್ಟರ್ ಆದ ನಂಬರಿನಿಂದ ಮಾಡ್ರಿ.’ ಅದು ನಮ್ಮನಿಯವರ ನಂಬರು. ‘ಹಂಗಾದ್ರ ಅದಕ್ಕ ಬಂದ ಓಟಿಪಿ ಹೇಳ್ರಿ.’ ಅವರು ದವಾಖಾನ್ಯಾಗ, ಫೋನ್ ಎತ್ತಲಿಲ್ಲ. ‘ಸರ್ ಇದ್ದಾರೇನ್ರಿ? ಸರ್ ಕಡೆ ಕೊಡ್ರಿ.’ ಎರಡು ವರ್ಷದಿಂದ ತಿಂಗಳಾ ತಿಂಗಳಾ ಬಿಲ್ಲಿನ ರೊಕ್ಕಾ ನನ್ನ ಖಾತ್ಯಾದಿಂದ ಹೋಗತದ. ಆದ್ರ ಮಾತಾಡಲಿಕ್ಕೆ ‘ಸರ್’ ಬೇಕು. ಆ ಹುಡುಗನ ಮ್ಯಾಲೆ ನನಗ ಸಿಟ್ಟಿಲ್ಲ, ಕಂಡ ಕಂಡವರಿಗೆ ಬಾಗಲಾ ತಗೀಬಾರದು ಅಂತ ಅವನಿಗೆ ಹೇಳಿರತಾರ. ಸಿಟ್ಟು ಬಂದದ್ದು ನನ್ನ ಮ್ಯಾಲ. ಎರಡು ವರ್ಷ ನಾ ಯಾಕ ಸುಮ್ನ ಕೂತಿದ್ದೆ?

ಅತ್ತಿಯವರನ್ನ ಕೈ ಹಿಡಕೊಂಡು ಎದರಮನಿ ಕಾಕುನ ಕಟ್ಟಿಗೆ ಕರಕೊಂಡು ಹೋಗಿ ಕೂಡಿಸಿದೆ. ಅಲ್ಲೆ ಸಿಗ್ನಲ್ ಛೊಲೊ ಅದ. ಶ್ರಾವಣದ ಜಿಟಿ ಜಿಟಿ ಮಳಿ, ಮ್ಯಾಲೆ ಥಂಡಿ ಗಾಳಿ. ಮಧ್ಯಾಹ್ನ ಒಂದರ ತನಕಾ ಕೂತ್ರು. ಆಮ್ಯಾಲೆ ಗುಳಿಗಿ ತಗೊಳ್ಳೂ ಹೊತ್ತು, ಕಾಲು ಬ್ಯಾರೆ ಹಿಡದ್ವು ಅಂತ ಒಳಗ ಕರಕೊಂಡು ಬಂದೆ. ಅದ ಹೊತ್ತಿನ್ಯಾಗ ನಮ್ಮನಿಯವರು ಬೆಂಗಳೂರಿನಿಂದ ಮ್ಯಾಲಿಂದ ಮ್ಯಾಲೆ ಫೋನ್ ಮಾಡ್ಯಾರ. ನನ್ನ ಫೋನು ಒಳಗ ಮೂಕಾಗಿ ಕೂತಿತ್ತು. ಕಡೀಕೆ ಕಾಕುಗ ಮಾಡ್ಯಾರ. ಕಾಕು ಉಂಡು ಮಲಗಿದ್ರು. ಅವರು ಎದ್ದು ನೋಡಿ, ಓಡಿ ಬಂದು ಹೇಳೂದರಾಗ ಎರಡೂವರಿ.

ಆಪರೇಶನ್ ಛೊಲೊ ಆಗಿತ್ತು. ರಾಯರು ದೊಡ್ಡವರು. ಆದ್ರ ಮಗಾ ಉಳದಾನ ಅನ್ನೂ ಸುದ್ದಿ ಹೆತ್ತ ತಾಯಿಗೆ ಒಂದು ತಾಸು ತಡಾ ಆಗಿ ಮುಟ್ಟಿತು. ಆ ಒಂದು ತಾಸು ಅವರು ಗಂಗಾಳದ ಮುಂದ ಕೂತು ಒಂದು ತುತ್ತು ಎತ್ತಲಿಲ್ಲ. ಸುದ್ದಿ ಕೇಳಿ ಅತ್ತು ಮುಗಿಸಿದ ಮ್ಯಾಲೆ ಅಂದ್ರು: ‘ನಮ್ಮ ಕಾಲಕ್ಕ ತಾರು ಬರತಿತ್ತವಾ. ತಾರಿನವಾ ನಮ್ಮ ಮನಿ ಬಾಗಲಕ್ಕ ಬಂದು ಕೊಡತಿದ್ದ. ಈಗ ಇಷ್ಟೆಲ್ಲಾ ಇದ್ದೂ ನನ್ನ ಮಗನ ಸುದ್ದಿ ಎದರಮನಿಗೆ ಬಂತಲ್ಲ.’ ತಾರು 2013ರಾಗ ಬಂದ್ ಆತು. ಅವರ ಮಾತಿಗೆ ನನ್ನ ಕಡೆ ಉತ್ತರ ಇರಲಿಲ್ಲ.

ಮೂರನೇ ದಿನಕ್ಕ ರಿಪೇರಿ ಹುಡುಗಾ ಬಂದ. ಡಬ್ಬಿ ತಿರುವಿ ನೋಡಿದ, ಹಸರು ಮೂತಿದು ಒಂದು ತೆಳ್ಳಗಿನ ವೈರು ಒತ್ತಿದ. ಟಿಕ್ ಅಂತು. ಕೆಂಪು ದೀಪಾ ಆರಿತು. ‘ಅಮ್ಮಾರ, ಇದಿಷ್ಟ ಸಡ್ಲ ಆಗಿತ್ತು. ನೀವು ಪಿನ್ನು ಚುಚ್ಚಿರಲಿಲ್ಲಂದ್ರ ಫೋನಿನ್ಯಾಗ ಹೇಳಿ ಮುಗಸತಿದ್ದೆ’ ಅಂದ. ಶ್ರಾವಣಕ್ಕಂತ ಹಿಂದಿನ ದಿನಾ ಜ್ವಾಡಾ ಹೊಡದಿದ್ದೆ, ಆಗ ಡಬ್ಬಿ ಸರಿಸಿದ್ದೆ. ವೈರು ಸಡ್ಲ ಮಾಡಿದಾಕಿ ನಾನ, ಪಿನ್ನು ಚುಚ್ಚಿದಾಕಿನೂ ನಾನ. ಗೊತ್ತಿದ್ರ ಎರಡು ನಿಮಿಷದ ಕೆಲಸ. ಗೊತ್ತಿರಲಿಲ್ಲ, ಮೂರು ದಿನಾ ಹೋದ್ವು.

ಅವತ್ತ ಆ ಹುಡುಗಗ ಚಾ ಮಾಡಿ ಕೊಟ್ಟು, ಚಕ್ಕಲಿ ಇಟ್ಟು, ಮಗ್ಗಲಕ್ಕ ಕೂಡಿಸಿಕೊಂಡು ಎಲ್ಲಾ ಕೇಳಿ ಬರಕೊಂಡೆ. ನಿಮಗೂ ಹೇಳತೇನಿ, ಯಾಕಂದ್ರ ಇದೇನು ಬ್ರಹ್ಮವಿದ್ಯಾ ಅಲ್ಲ. ಅನಾರಸದ ಹದಾ ಹಿಡಿಯೂದು ಇದಕ್ಕಿಂತ ಕಠಿಣ.

ಮೊದಲನೇದು, ದೀಪಾ ಓದಲಿಕ್ಕೆ ಕಲೀರಿ. ಪವರ್ ದೀಪಾನ ಇಲ್ಲಂದ್ರ ತಪ್ಪು ಕರೆಂಟಿಂದು ಇಲ್ಲಾ ಅಡಾಪ್ಟರಿಂದು. ಎಲ್‌ಓಎಸ್ ಕೆಂಪಾಗಿದ್ರ ಹೊರಗಿಂದ ಬೆಳಕು ಒಳಗ ಬರವಲ್ತು ಅಂತ ಅರ್ಥ. ಆ ವೈರಿನ ಒಳಗ ತಾಮ್ರ ಇಲ್ಲ, ಕೂದಲೆಳಿಯಷ್ಟು ಗಾಜಿನ ಎಳಿ ಅದ, ಅದರೊಳಗ ಬೆಳಕು ಓಡತದ. ಅದನ್ನ ಬಾಳ ಬಗ್ಗಿಸಬಾರದು, ಮೊಳಿಗೆ ಸುತ್ತಬಾರದು, ಕಪಾಟಿನ ಬಾಗಲದಾಗ ಸಿಗಿಸಬಾರದು. ಕೆಂಪು ದೀಪಾ ಬಂದ್ರ ಆ ಹಸರು ಮೂತಿ ಗಟ್ಟಿ ಕೂತದ ಏನು ನೋಡ್ರಿ. ಕೂತಿದ್ರೂ ಕೆಂಪಾಗೇ ಇದ್ರ ವೈರು ಎಲ್ಲೋ ಕಡದದ, ಕಂಪನಿಯವರ ಬರಬೇಕು. ಒಂದು ಎಚ್ಚರ: ಆ ವೈರು ಕೈಯಾಗ ಬಂದ್ರ ಅದರ ತುದಿ ಕಣ್ಣಿನ ಹತ್ರ ಹಿಡದು ನೋಡಬ್ಯಾಡ್ರಿ, ಆ ಬೆಳಕು ಕಣ್ಣಿಗೆ ಕಾಣೂದಿಲ್ಲ ಆದ್ರ ಕೆಡಕು ಮಾಡತದ. ಇನ್ನ ಎಲ್‌ಓಎಸ್ ಕೆಂಪಿಲ್ಲ, ಬರೇ ಇಂಟರ್ನೆಟ್ ಅನ್ನೂ ದೀಪಾ ಇಲ್ಲಂದ್ರ ವೈರು ಬರೋಬ್ಬರಿ ಅದ. ತಪ್ಪು ಭಾಳ ಸಲಾ ಲೆಕ್ಕದ್ದು ಇಲ್ಲಾ ಬಿಲ್ಲಿಂದು.

ಎರಡನೇದು, ಇದು ಭಾಳ ಮುಖ್ಯ. ರೀಸ್ಟಾರ್ಟ್ ಬ್ಯಾರೆ, ರೀಸೆಟ್ ಬ್ಯಾರೆ. ಬಟನ್ ಬಂದ್ ಮಾಡಿ, ಅರ್ಧಾ ನಿಮಿಷ ಬಿಟ್ಟು ಚಾಲೂ ಮಾಡೂದು ರೀಸ್ಟಾರ್ಟ್. ನಿದ್ದಿ ಮಾಡಿ ಎದ್ದಂಗ, ಏನೂ ಮರಿಯೂದಿಲ್ಲ. ಪಿನ್ನು ಚುಚ್ಚೂದು ರೀಸೆಟ್. ಡಬ್ಬಿ ಆಗ ಹುಟ್ಟಿದ ಕೂಸು ಆಗತದ. ನೀವು ಇಟ್ಟ ಹೆಸರು, ಪಾಸ್‌ವರ್ಡ್ ಎಲ್ಲಾ ಅಳಿಸಿ, ಕಾರಖಾನ್ಯಾಗ ಇಟ್ಟ ಹೆಸರು ಬರತದ. ಆ ಹೆಸರು, ಪಾಸ್‌ವರ್ಡ್ ಡಬ್ಬಿ ಬುಡಕಿನ ಚೀಟಿ ಮ್ಯಾಲೆ ಇರತಾವ. ಆದ್ರ ಕಂಪನಿ ಕೊಟ್ಟ ಯೂಸರ್ ಹೆಸರು, ಅದರ ಪಾಸ್‌ವರ್ಡ್ ಚೀಟಿ ಮ್ಯಾಲೆ ಇರೂದಿಲ್ಲ. ನಮ್ಮಂಥಾ ಡಬ್ಬಿಗೆ ಅದನ್ನ ಮತ್ತ ತುಂಬಿದ್ರನ ಇಂಟರ್ನೆಟ್. ಕೆಲವು ಕಂಪನಿ ಡಬ್ಬಿಗೆ ಅದು ತಾನ ಬರತದ, ಎಲ್ಲಾದಕ್ಕೂ ಅಲ್ಲ. ಅದಕ್ಕ ಆ ಯೂಸರ್ ಹೆಸರು ಬರದಿಟ್ಟುಕೊಳ್ಳೂ ತನಕಾ ಪಿನ್ನು ಸೆರಗಿನ್ಯಾಗ ಇರಲಿ.

ಮೂರನೇದು, ಡಬ್ಬಿ ಎಲ್ಲೆ ಇಡಬೇಕು. ನಮ್ಮದು ಪಡಸಾಲಿ ಮೂಲ್ಯಾಗ, ಕನ್ನಡಿ ಇದ್ದ ಕಬ್ಬಿಣದ ಕಪಾಟಿನ ಹಿಂದ ಇತ್ತು, ಛಂದ ಕಾಣೂದಿಲ್ಲ ಅಂತ ನಾನ ಮುಚ್ಚಿ ಇಟ್ಟಿದ್ದೆ. ಕಬ್ಬಿಣ, ಕನ್ನಡಿ, ನೀರು ತುಂಬಿದ ಟಾಕಿ, ಕಲ್ಲಿನ ಗ್ವಾಡಿ, ಇವೆಲ್ಲಾ ಅದರ ವೈರಿಗಳು. ಈಗ ನಡಮನಿ ಬಾಗಲದ ಮ್ಯಾಲಿನ ಹಲಗಿ ಮ್ಯಾಲೆ, ಎತ್ತರಕ್ಕ, ನಾಲ್ಕೂ ಕಡೆ ಬಯಲಿಟ್ಟು ಇಟ್ಟೇವಿ. ಅಡಗಿಮನಿಗೂ ಬರತದ. ಮೈಕ್ರೋವೇವ್ ಮಗ್ಗಲಕ್ಕ ಮಾತ್ರ ಇಡಬ್ಯಾಡ್ರಿ, ಅದು ಚಾಲೂ ಇದ್ದಾಗ ವೈಫೈ ತಡವರಸತದ.

ನಾಕನೇದು, ಎರಡು ಹೆಸರಿನ ಗೊಂದಲ. ಫೋನಿನ್ಯಾಗ ನಿಮ್ಮ ಮನಿ ಹೆಸರು ಎರಡು ಸಲಾ ಕಾಣತದ, ಒಂದರ ಹಿಂದ ‘5ಜಿ’ ಅಂತಿರತದ. ಮ್ಯಾಲಿನ ಓಣಿ ವೈನಿ ‘ನಮ್ಮದು 5ಜಿ ವೈಫೈ’ ಅಂತ ಊರೆಲ್ಲಾ ಹೇಳಕೋತ ಬಂದ್ರು, ಪಾಪ. ಮೊಬೈಲಿನ 5ಜಿ ಬ್ಯಾರೆ. ಇದು 5 ಗಿಗಾಹರ್ಟ್ಜ್, ಇನ್ನೊಂದು 2.4. ಐದರದ್ದು ಜೋರಾಗಿ ಓಡತದ, ಆದ್ರ ಗ್ವಾಡಿ ಬಂದ್ರ ಸೋಲತದ. 2.4ರದ್ದು ಸಾವಕಾಶ, ಆದ್ರ ದೂರ ಹೋಗತದ. ಡಬ್ಬಿ ಇದ್ದ ಕೋಲ್ಯಾಗ ಐದು, ಹಿತ್ತಲಕ್ಕ 2.4. ಹಳೇ ಪ್ರಿಂಟರು, ಬಾಗಲಾ ಕಾಯೂ ಕ್ಯಾಮರಾ, ಇಂಥಾವು ಭಾಳ ಸಲಾ 2.4ಕ್ಕ ಮಾತ್ರ ಹತ್ತತಾವ. ‘ಹತ್ತವಲ್ತು’ ಅಂತ ಹೊಸಾದು ಕೊಳ್ಳೂ ಮೊದಲ ಇದನ್ನ ನೋಡ್ರಿ.

ಐದನೇದು, ಪಾಸ್‌ವರ್ಡ್ ಒಂದಲ್ಲ, ಎರಡು. ಒಂದು ವೈಫೈದು, ಅದು ಮನಿ ಬಾಗಲದ ಕೀಲಿ. ಇನ್ನೊಂದು ಡಬ್ಬಿ ಒಳಗ ಹೊಕ್ಕು ಬದಲಾಯಿಸೂದು, ಅದು ತಿಜೋರಿ ಕೀಲಿ. ಬ್ರೌಸರಿನ್ಯಾಗ 192.168.1.1 ಹೊಡದ್ರ ಭಾಳ ಡಬ್ಬಿಗಳ ಒಳಮನಿ ತಗೀತದ. ನಿಮ್ಮದರ ನಂಬರು ಚೀಟಿ ಮ್ಯಾಲೆ ನೋಡಕೋರಿ. ತಿಜೋರಿ ಕೀಲಿ ‘ಅಡ್ಮಿನ್’ ಅಂತ ಹುಟ್ಟಿದಾಗಿಂದು ಹಂಗ ಬಿಟ್ಟಿದ್ರ ಇವತ್ತ ಬದಲಿ ಮಾಡ್ರಿ. ಓಣಿ ಹುಡುಗರಿಗೆ, ಬಂದ ಬೀಗರಿಗೆ ಬಾಗಲದ ಕೀಲಿ ಕೊಡೂ ಬದಲಿ ‘ಗೆಸ್ಟ್’ ಅಂತ ಬ್ಯಾರೆ ಹೆಸರು ಮಾಡಿಡಲಿಕ್ಕೆ ಬರತದ. ನಮ್ಮ ವೈಫೈ ಮ್ಯಾಲೆ ಯಾರರೆ ಕೆಟ್ಟ ಕೆಲಸ ಮಾಡಿದ್ರ ಮೊದಲ ವಿಚಾರಣಿ ಬರೂದು ಕನೆಕ್ಷನ್ ಇದ್ದ ಹೆಸರಿಗೆ. ಇನ್ನ ‘ನಿಮ್ಮ ವೈಫೈ ಬಂದ್ ಆಗತದ, ಈ ಆ್ಯಪ್ ಹಾಕ್ಕೋರಿ, ಓಟಿಪಿ ಹೇಳ್ರಿ’ ಅಂತ ಯಾರರೆ ತಾವಾಗೇ ಫೋನ್ ಮಾಡಿದ್ರ ಇಟ್ಟುಬಿಡ್ರಿ. ರೊಕ್ಕಾ ಹೋತಂದ್ರ ನಾಚಕೋಬ್ಯಾಡ್ರಿ, ಕೂಡಲೇ 1930ಕ್ಕ ಫೋನ್ ಮಾಡ್ರಿ.

ಇಷ್ಟ. ಇದರಾಗ ಇಂಜಿನಿಯರ್ ಆಗೂವಂಥಾದ್ದು ಏನದ ಹೇಳ್ರಿ?

ಇದನ್ನೆಲ್ಲಾ ಭಜನಿ ಮುಗದ ಮ್ಯಾಲೆ ಹೇಳಿದ್ರ ಮೂರು ಥರದ ಮಾತು ಬಂದ್ವು. ಒಬ್ಬ ಮೌಶಿ, ‘ಈ ವಯಸ್ಸಿನ್ಯಾಗ ನಮಗ್ಯಾಕವಾ?’ ಅಂದ್ರು. ಮೌಶಿ, ನೀವು 60 ದಾಟಿದ ಮ್ಯಾಲೆ ವಾಟ್ಸಾಪಿನ್ಯಾಗ ಫೋಟೋಕ್ಕ ಹೂವಿನ ಚೌಕಟ್ಟು ಹಾಕಲಿಕ್ಕೆ ಕಲತೀರಿ. ಐದು ದೀಪಾ ಓದಲಿಕ್ಕೆ ಬರೂದಿಲ್ಲೇನು? ಇನ್ನೊಬ್ಬರು, ‘ನಮ್ಮ ಮಗಾ ಅಲ್ಲಿಂದನ ಎಲ್ಲಾ ಮಾಡತಾನ’ ಅಂದ್ರು. ಇಂಟರ್ನೆಟ್ಟ ಇಲ್ಲಂದ್ರ ಅಲ್ಲಿಂದ ಯಾವ ದಾರೀಲೆ ಬರತಾನವ್ವಾ? ಬಾವಿಗೆ ಬಿದ್ದ ಕೊಡಾ ತಗೀಲಿಕ್ಕೆ ಅದ ಕೊಡದ ಹಗ್ಗಾ ಹುಡುಕಿದಂಗ ಆತು.

ಮೂರನೇ ಮಾತು ನಮ್ಮ ನೆಗೆಣ್ಣಿದು, ಅದಕ್ಕ ನಾ ಎರಡು ದಿನಾ ವಿಚಾರ ಮಾಡಿದೆ. ‘ಅಕ್ಕಾ, ಇದನ್ನೂ ಕಲತ್ರ ಇದೂ ನಮ್ಮ ಕೊಳ್ಳಿಗೆ ಬೀಳತದ. ಗ್ಯಾಸು, ನೀರು, ಹಾಲು, ಔಷಧ ಎಲ್ಲಾ ನಮ್ಮದ. ಇದೊಂದರೆ ಅವರ ಕಡೆ ಇರಲಿ’ ಅಂದಳು. ಖರೇ ಅದ. ಇವತ್ತ ನಾ ಡಬ್ಬಿ ಸರಿ ಮಾಡಿದೆ ಅಂದ್ರ ನಾಳೆ ‘ಅವ್ವಾ ವೈಫೈ ಹೋತು’ ಅಂತ ಅನ್ನ ಬಸಿಯೂ ಹೊತ್ತಿನ್ಯಾಗ ಕೂಗು ಬರತದ. ಹೊಸಾ ಚಾಕರಿ ತಲಿಮ್ಯಾಲೆ ಹೊತ್ಕೋರಿ ಅಂತ ನಾ ಅನ್ನೂದಿಲ್ಲ. ಆದ್ರ ಮಾಡೂದು ಬ್ಯಾರೆ, ಗೊತ್ತಿರೂದು ಬ್ಯಾರೆ. ಲಾಕರಿನ ಕೀಲಿಕೈ ನನ್ನ ಕಡೆ ಅದ ಅಂದ್ರ ದಿನಾ ಬ್ಯಾಂಕಿಗೆ ನಾನ ಹೋಗಬೇಕಂತಿಲ್ಲ, ಬ್ಯಾರೆಯವರೂ ಹೋಗಲಿ. ಆದ್ರ ಬೇಕಾದಾಗ ಯಾರ ಮಾರಿ ನೋಡದ ತಗಿಯೂಹಂಗ ಇರಬೇಕು. ಮನ್ಯಾಗ ಮೂವರು ಇದ್ರ ಮೂವರಿಗೂ ಗೊತ್ತಿರಲಿ, ಪಾಳಿ ಹಚ್ಚಿ ಮಾಡಲಿ. ಕೆಲಸಾ ಹಂಚೂದಕ್ಕ ಜಗಳಾ ಮಾಡೂಣ, ಆದ್ರ ತಿಳುವಳಿಕಿ ಬ್ಯಾಡ ಅನ್ನೂದು ಬ್ಯಾಡ. ತಿಳೀಲಾರದ್ದಕ್ಕ ಅವತ್ತ ಮಳ್ಯಾಗ ಕಟ್ಟಿ ಮ್ಯಾಲೆ ಕೂತವರು ಗಂಡಸರಲ್ಲ, ನಮ್ಮ ಅತ್ತಿ.

ನಮ್ಮನಿಯವರು ಊರಿಂದ ಬಂದ ಮ್ಯಾಲೆ ಈ ಮಾತು ತಗದೆ. ‘ಮುಟ್ಟಬ್ಯಾಡ ಅಂತ ನಾ ಅಂದಿದ್ದ ತಪ್ಪಾತು’ ಅಂದ್ರು. 35 ವರ್ಷದ ಸಂಸಾರದಾಗ ಈ ಮಾತು ನಾ ಕೇಳಿದ್ದು ಕಡಿಮಿ, ಅದಕ್ಕ ಬರದಿಟ್ಟೇನಿ. ಕಂಪನಿಯೊಳಗ ನನ್ನ ನಂಬರೂ ಸೇರಿಸಿದ್ರು. ಈಗ ಓಟಿಪಿ ನನಗೂ ಬರತದ. ಕರೆಂಟ್ ಹೋದ್ರೂ ಡಬ್ಬಿ ಚಾಲೂ ಇರಲಿ ಅಂತ ಅದಕ್ಕೊಂದು ಸಣ್ಣ ಯುಪಿಎಸ್ ತಂದೇವಿ.

ಈಗ ನಿಮಗ ನನ್ನ ವಿನಂತಿ. ಗಣಪತಿ ಹಬ್ಬಕ್ಕ ಮಕ್ಕಳು ಮನಿಗೆ ಬರತಾರ. ಕಡಬು ಬಡಸೂ ಮೊದಲ ಒಂದು ಡೈರಿ ಮುಂದ ಇಟ್ಟು ಇಷ್ಟು ಬರಸಕೋರಿ: ಕಂಪನಿ ಕೊಟ್ಟ ಯೂಸರ್ ಹೆಸರು ಮತ್ತ ಅದರ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್, ಡಬ್ಬಿ ಒಳಗ ಹೋಗೂ ನಂಬರು ಮತ್ತ ಅದರ ಪಾಸ್‌ವರ್ಡ್, ದೂರು ಕೊಡೂ ಫೋನು, ಕನೆಕ್ಷನ್ ಯಾರ ಹೆಸರು ಯಾವ ಮೊಬೈಲಿನ ಮ್ಯಾಲೆ ಅದ. ಆ ಡೈರಿ ತಿಜೋರ್ಯಾಗ ಇಡ್ರಿ, ಫ್ರಿಜ್ಜಿಗೆ ಹಚ್ಚಬ್ಯಾಡ್ರಿ. ಆಮ್ಯಾಲೆ ಒಮ್ಮೆ ಅವರ ಮುಂದನ ನೀವ ಡಬ್ಬಿ ಬಂದ್ ಮಾಡಿ, ಚಾಲೂ ಮಾಡಿ, ಒಳಗ ಹೊಕ್ಕು ನೋಡ್ರಿ. ‘ನಾ ಮಾಡತೇನಿ ಬಿಡವ್ವಾ’ ಅಂತ ಕೈಯಾಗಿಂದ ಕಸಗೊಳ್ಳಲಿಕ್ಕೆ ಬರತಾರ, ಕೊಡಬ್ಯಾಡ್ರಿ. ನೀವು ಮಾಡೂ ತನಕಾ ಕಡಬಿನ ಬುಟ್ಟಿ ಮುಚ್ಚೇ ಇರಲಿ.

ನಮ್ಮ ಅತ್ತಿಯವರಿಗೂ ದೀಪಾ ಓದಲಿಕ್ಕೆ ಹೇಳಿಕೊಟ್ಟೇನಿ. ಸಂಜಿ ಮುಂದ ದೇವರಿಗೆ ದೀಪಾ ಹಚ್ಚಿ, ಹಂಗ ತಲಿ ಎತ್ತಿ ಬಾಗಲದ ಮ್ಯಾಲೆ ನೋಡತಾರ. ‘ಕೆಂಪೇನಿಲ್ಲಲ್ಲವಾ?’ ಅಂತ ಕೇಳತಾರ. ಇಲ್ಲಂದ ಮ್ಯಾಲೆ ಬೆಂಗಳೂರಿಗೆ ಫೋನ್ ಹಚ್ಚಿಕೊಡು ಅಂತಾರ.